ಅವರೆಕಾಯಿ ಕಾವಲು

ಆ ಬೋರ್ಡುಗಳನ್ನು ಬರೆದವಳು ನಾನೇ. ಇನ್ಯಾರ ಮೇಲಾದರೂ ಹಾಕಿ ಜಾರಿಕೊಳ್ಳೋಣವೆಂದರೆ ನನ್ನ ಕೋಳಿಕಾಲಿನ ಅಕ್ಷರ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. 'ಎಚ್ಚರಿಕೆ! ಇಲ್ಲಿ ಸರಗಳ್ಳರಿದ್ದಾರೆ. ಒಂಟಿಯಾಗಿ ಬರಬೇಡಿ' ಎಂದು ನಾಲ್ಕು ತಗಡುಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದು, ಕಂಬ ನೆಡಿಸಿ, ಟ್ರೀ ಪಾರ್ಕಿನ ನಾಲ್ಕು ಕಡೆ ಕಟ್ಟಿಸಿದೆ. ಕಟ್ಟಿಸಿ ಮುಗಿದಾಗ ಏನೋ ದೊಡ್ಡ ಕೆಲಸ ಮಾಡಿದೆನೆಂಬ ಹೆಮ್ಮೆಯೂ ಇತ್ತು.

ನಾನು ಫಾರೆಸ್ಟ್ ಗಾರ್ಡ್. ಊರು ಮುಳಬಾಗಿಲು ಕಡೆ, ಕೆಲಸ ಮಾಲೂರು ತಾಲ್ಲೂಕಿನಲ್ಲಿ, ಟೇಕಲ್ ದಾರಿಯ ಒಂದು ಗುಡ್ಡದ ಬುಡದಲ್ಲಿ. ಅಲ್ಲಿದ್ದ ಹಳೆಯ ನೀಲಗಿರಿ ತೋಪು ತೆಗೆದು, ಹೊಂಗೆ, ಬೇವು, ನೇರಳೆ ಬೆಳೆಸಿ, ಒಂದೂವರೆ ಕಿಲೋಮೀಟರಿನ ಕಾಲುದಾರಿ ಮಾಡಿ, ಅಲ್ಲಲ್ಲಿ ಕಲ್ಲುಬೆಂಚು ಹಾಕಿ, ಸುತ್ತಲಿನ ಹಳ್ಳಿಯವರು ಬಂದು ಓಡಾಡಲೆಂದು ಪಾರ್ಕ್ ಮಾಡಿದ್ದರು. ಕಾವಲಿಗೆ ನಾನು, ನನ್ನ ಜೊತೆಗೆ ಒಬ್ಬ ವಾಚರ್. ಅವರು ಅರವತ್ತರ ಹತ್ತಿರದ ಸಾಬರು. ಎಲ್ಲರಿಗೂ 'ಭಾಯ್'.

ಬೋರ್ಡು ಹಾಕಿದ್ದಕ್ಕೆ ಕಾರಣವಿತ್ತು. ದೀಪಾವಳಿ ಕಳೆದ ಮರುವಾರ, ಸಂಜೆ ನಾಲ್ಕು ಗಂಟೆಗೆ, ಪಕ್ಕದ ಹಳ್ಳಿಯ ಹಾಲಿನ ಡೈರಿಯ ಸೆಕ್ರೆಟರಿಯಮ್ಮ ಎಂದಿನಂತೆ ನಡೆಯಲು ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ದಿನಾ ಎರಡು ಸುತ್ತು ನಡೆಯಲೇಬೇಕೆಂದು ಕೋಲಾರದ ಡಾಕ್ಟರು ಹೇಳಿದ್ದರು. ಸಂಜೆ ಹಾಲು ಅಳೆಯುವ ಮುಂಚೆ ಸಿಗುವ ಒಂದು ಗಂಟೆಯೇ ಅವರ ನಡಿಗೆಯ ಹೊತ್ತು. ಅವತ್ತು ಎರಡನೇ ಸುತ್ತಿನಲ್ಲಿ, ದಾರಿ ದೊಡ್ಡ ಬಂಡೆಯನ್ನು ಬಳಸಿ ತಿರುಗುವ ಜಾಗದಲ್ಲಿ, ಲಾಂಟಾನ ಪೊದೆಯಿಂದ ಒಬ್ಬ ಎದ್ದು ಬಂದು ಅವರ ತಾಳಿ ಸರ ಕಿತ್ತು, ಬೇಲಿಯ ಕಿಂಡಿಯಲ್ಲಿ ನುಸುಳಿ, ಆಚೆ ಕಾಯುತ್ತಿದ್ದ ಬೈಕ್ ಹತ್ತಿ ಹೋದ. ಸೆಕ್ರೆಟರಿಯಮ್ಮ ಮುಖ ಅಡಿಯಾಗಿ ಬಿದ್ದಿದ್ದರು. ಅವರು ಕಂಡದ್ದು ಅವನ ಬೂಟು ಮಾತ್ರ. ಕಪ್ಪು ಬೂಟು, ಅದಕ್ಕೆ ಗಿಳಿಹಸಿರು ಲೇಸು.

ಆ ಹೊತ್ತಿಗೆ ನಾನು ಗೇಟಿನಲ್ಲಿದ್ದೆ. ಯಾರೋ ಪ್ಲಾಸ್ಟಿಕ್ ಬಾಟಲಿ ಬಿಸಾಡಿದರೆಂದು ಅವರಿಗೆ ಭಾಷಣ ಬಿಗಿಯುತ್ತಿದ್ದೆ. ಕೂಗು ಕೇಳಿ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೆಕ್ರೆಟರಿಯಮ್ಮನ ಮೊಣಕೈ ತರಚಿ, ಕತ್ತಿನ ಮೇಲೆ ಕೆಂಪು ಗೆರೆ ಎದ್ದಿತ್ತು. ಅವರು ನನ್ನನ್ನು ಬಯ್ಯಲಿಲ್ಲ. "ನೀನಿದ್ದೀಯ ಅಂತ ತಾನೇ ನಾನು ಬರ್ತಿದ್ದಿದ್ದು" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಾಗಿತ್ತು. ಆಮೇಲೆ ಅವರು ಪಾರ್ಕಿಗೆ ಬರುವುದನ್ನು ಬಿಟ್ಟೇ ಬಿಟ್ಟರು. ಡೈರಿಯ ಒಳಗೆ ಕ್ಯಾನುಗಳ ಮಧ್ಯೆ ಗೋಡೆಯಿಂದ ಗೋಡೆಗೆ ನಡೆಯುತ್ತಾರೆ ಎಂದು ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ನಮ್ಮ ರೇಂಜರ್ ಸಾಹೇಬರು ಬಂದು ಜಾಗ ನೋಡಿದರು. ಕೆಟ್ಟವರಲ್ಲ, ಆದರೆ ಅವರಿಗೆ ಮೇಲಿನಿಂದ ಫೋನು ಬಂದಿತ್ತು.

"ನೋಡಮ್ಮಾ, ಸಂಕ್ರಾಂತಿವರೆಗೂ ಟೈಮ್ ಕೊಡ್ತೀನಿ. ಇನ್ನೊಂದು ಕಂಪ್ಲೇಂಟ್ ಬಂತು ಅಂದ್ರೆ, ಇಲ್ಲಾ ಜನ ಬರೋದೇ ನಿಂತೋಯ್ತು ಅಂದ್ರೆ, ಗೇಟಿಗೆ ಬೀಗ ಹಾಕ್ಬಿಡೋಣ. ಬರೀ ತೋಪು ಅಂತ ಇಟ್ಕೊಳ್ಳೋಣ."

ಅದಕ್ಕೇ ಬೋರ್ಡು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ದಿನಾ ಮೂವತ್ತು ನಲವತ್ತು ಜನ ಬರುತ್ತಿದ್ದ ಕಡೆ, ವಾರದೊಳಗೆ ಬರುವವರನ್ನು ಬೆರಳಲ್ಲಿ ಎಣಿಸುವಂತಾಯಿತು. ನಾನು ತಲೆ ಕೆರೆದುಕೊಂಡು ಕೂತಿದ್ದಾಗ ಭಾಯ್ ಬಂದು ಬೀಡಿ ಆರಿಸಿ, ಮೆಲ್ಲಗೆ ಹೇಳಿದರು.

"ಮೇಡಂ, ತಪ್ಪು ತಿಳ್ಕೋಬ್ಯಾಡಿ. ಆ ಬೋರ್ಡ್ ಓದಿದ್ರೆ ನನಗೇ ಒಳಗೆ ಹೋಗಕ್ಕೆ ಭಯ ಆಗ್ತೈತೆ. ಕಳ್ಳರು ಮಾತ್ರ ಖುಷಿಯಾಗಿ ಬರ್ತಾರೆ, ಇಲ್ಲಿ ಯಾರೂ ಇರಲ್ಲ ಅಂತ ನೀವೇ ಬರ್ದಿದ್ದೀರ."

ನನಗೆ ಸಿಟ್ಟು ಬಂತು. ಸಿಟ್ಟು ಬೇಗ ಬರುವುದು ನನ್ನ ಜಾಯಮಾನ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದಾಗ ಭಾಯ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮರುದಿನ ನಾಲ್ಕೂ ತಗಡುಗಳನ್ನು ಇಳಿಸಿ ಶೆಡ್ಡಿನಲ್ಲಿ ಬೆನ್ನು ತಿರುಗಿಸಿ ಇಟ್ಟೆವು.

ಎರಡನೇ ಉಪಾಯ ಕ್ಯಾಮೆರಾ. ಪ್ರಾಣಿಗಳ ಓಡಾಟ ನೋಡಲು ಕಾಡಿನಲ್ಲಿ ಮರಕ್ಕೆ ಕಟ್ಟುತ್ತಾರಲ್ಲ, ಅಂಥ ಒಂದನ್ನು ಕಚೇರಿಯಿಂದ ಇಸಿದುಕೊಂಡು ಬಂದು ಬಂಡೆಯ ತಿರುವಿನಲ್ಲಿ ಕಟ್ಟಿದೆ. ಐದು ದಿನವಾದ ಮೇಲೆ ಬಿಚ್ಚಿ ನೋಡಿದರೆ ಮೊದಲ ಚಿತ್ರದಲ್ಲಿ ಒಂದು ಕೋತಿ. ಎರಡನೆಯದರಲ್ಲಿ ಅದರ ಮೂಗು. ಉಳಿದ ನೂರಾರು ಚಿತ್ರಗಳಲ್ಲಿ ಕೋತಿಯ ಬಾಯಿ, ಹಲ್ಲು, ಗಂಟಲು. ರೇಂಜರ್ ಸಾಹೇಬರು ಒಂದೊಂದನ್ನೂ ನೋಡಿ, "ಕೋತಿ ಹಲ್ಲು ಚೆನ್ನಾಗಿದಾವೆ, ಕೇಸ್ ಏನೂ ಇಲ್ಲ" ಅಂದರು.

ಮೂರನೆಯದು ಸ್ವಲ್ಪ ಬುದ್ಧಿ ಉಪಯೋಗಿಸಿ ಮಾಡಿದ ಕೆಲಸ. ಕಳ್ಳನಿಗೆ ಅವಿತುಕೊಳ್ಳಲು ಜಾಗ ಬೇಕು ತಾನೇ? ಆ ಜಾಗಗಳು ಎಲ್ಲೆಲ್ಲಿವೆ ಎಂದು ಅಳೆಯಬೇಕಿತ್ತು. ಭಾಯ್ ತಲೆಗೆ ಕೆಂಪು ಟವೆಲ್ ಸುತ್ತಿಸಿ, ದಾರಿಯುದ್ದಕ್ಕೂ ನಡೆಯಲು ಹೇಳಿದೆ. ನಾನು ಒಂದೊಂದು ಬೆಂಚಿನ ಮೇಲೆ ನಿಂತು, ಟವೆಲ್ ಎಲ್ಲಿ ಮಾಯವಾಗುತ್ತದೆಯೋ ಅಲ್ಲಿ ನೆಲಕ್ಕೆ ಸುಣ್ಣದ ಗುರುತು ಹಾಕಿಸಿದೆ. ಹನ್ನೊಂದು ಕಡೆ ಭಾಯ್ ಪೂರ್ತಿ ಮಾಯವಾದರು. ಒಂದು ಕಡೆ ಮಾಯವಾದವರು ಕಾಲು ಗಂಟೆ ಬರಲೇ ಇಲ್ಲ. ಹೋಗಿ ನೋಡಿದರೆ ನೇರಳೆ ಮರಕ್ಕೆ ಒರಗಿ ಟೀ ಕುಡಿಯುತ್ತಿದ್ದರು. ಫ್ಲಾಸ್ಕು ಅವರದೇ.

ಆ ಹನ್ನೊಂದು ಕಡೆಗಳಲ್ಲಿ ಕೆಲಸ ಹಿಡಿದೆವು. ಲೆಕ್ಕ ಸರಳ: ಪೊದೆ ಮೊಣಕಾಲಿಗಿಂತ ಮೇಲಿರಬಾರದು, ಕೊಂಬೆ ತಲೆಗಿಂತ ಕೆಳಗಿರಬಾರದು, ನಡುವೆ ಕಣ್ಣು ಹಾಯಬೇಕು. ಲಾಂಟಾನ ಕಡಿದವರಿಗೇ ಗೊತ್ತು ಅದರ ಮಹಿಮೆ. ಮಚ್ಚು ಬೀಸಿದರೆ ಬಳುಕುತ್ತದೆ, ಎಳೆದರೆ ಕೈ ಸೀಳುತ್ತದೆ. ನಾಲ್ಕು ಜನ ಕೂಲಿಯವರ ಜೊತೆ ನಾವಿಬ್ಬರೂ ಸೇರಿ ಹನ್ನೆರಡು ದಿನ ಕಡಿದೆವು. ಕಡಿದ ಮೇಲೂ ನೆಲದಲ್ಲಿ ಚೂಪು ಮೋಟುಗಳು ಉಳಿದವು. ಬೂಟಿಲ್ಲದೆ ಆ ಕಡೆ ಕಾಲಿಡುವ ಹಾಗಿರಲಿಲ್ಲ. ಬೇಲಿಯ ಕಿಂಡಿಗೆ ಕಲ್ಲು ತುಂಬಿ ಮುಚ್ಚಿದೆವು. ಈಗ ಒಳಗೆ ಬರುವುದಕ್ಕೂ ಹೋಗುವುದಕ್ಕೂ ಇದ್ದದ್ದು ಗೇಟು ಒಂದೇ.

ಕೆಲಸ ಮುಗಿದ ದಿನ ಬಂಡೆಯ ಮೇಲೆ ಹತ್ತಿ ನೋಡಿದೆ. ದಾರಿಯ ಆ ತುದಿಯಿಂದ ಈ ತುದಿಯವರೆಗೂ ಕಣ್ಣು ಹಾಯುತ್ತಿತ್ತು. ಖುಷಿಯಾಯಿತು. ಆಮೇಲೆ ಹೊಳೆಯಿತು, ನೋಡುವುದಕ್ಕೆ ನನ್ನ ಎರಡು ಕಣ್ಣು, ಭಾಯ್ ಅವರ ಪೊರೆ ಬಂದ ಎರಡು ಕಣ್ಣು ಬಿಟ್ಟರೆ ಇನ್ನು ಯಾರೂ ಇಲ್ಲ. ಸಂಕ್ರಾಂತಿಗೆ ಐದು ವಾರ ಉಳಿದಿತ್ತು.

ದಾರಿ ತೋರಿಸಿದ್ದು ಭಾಯ್ ಅವರ ಊಟದ ಡಬ್ಬಿ. ಒಂದು ಮಧ್ಯಾಹ್ನ ಅವರ ಮನೆಯವರು, ನಾನು ಆಪಾ ಅಂತ ಕರೆಯುವವರು, ಡಬ್ಬಿ ತಂದುಕೊಟ್ಟು ಹೊರಡುವ ಆತುರದಲ್ಲಿದ್ದರು. ಡಬ್ಬಿ ತೆಗೆದರೆ ಹಿತಕಿದ ಬೇಳೆ ಸಾರು. ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿತಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಚಳಿಗಾಲ ಬಂತೆಂದರೆ ನಮ್ಮ ಕಡೆ ಮನೆಮನೆಯ ಹೆಂಗಸರಿಗೂ ಇದೇ ಕೆಲಸ. ಮಂಡಿಯವರು ಮೂಟೆ ಮೂಟೆ ತಂದುಕೊಡುತ್ತಾರೆ, ಹಿತಕಿದ ಬೇಳೆ ಬೆಂಗಳೂರಿಗೆ ಹೋಗುತ್ತದೆ.

"ಕೂತ್ಕೊಳ್ಳಿ ಆಪಾ, ಏನ್ ಅರ್ಜೆಂಟು?" ಅಂದೆ.

"ಎಲ್ಲಮ್ಮಾ ಕೂರೋದು. ಒಂದು ಮೂಟೆ ಕಾಳು ನೆನೀತಾ ಐತೆ. ಓಣಿಯಾಗೆ ಹತ್ತು ಜನ ಕೂತ್ಕೊಂಡು ಹಿತಕ್ತೀವಿ. ಬಿಸಿಲು ಒಂದು ಕಡೆ, ಬೈಕಿನವರು ಒಂದು ಕಡೆ. ಏಳು ಏಳು ಅಂತಾರೆ. ಇಲ್ಲಿ ನೋಡು, ಎಷ್ಟು ತಂಪು ನೆರಳು. ಖಾಲಿ ಬಿದ್ದೈತೆ."

ನಾನು ಬಾಯಿಗಿಟ್ಟ ತುತ್ತು ನುಂಗಲಿಲ್ಲ. ಹತ್ತು ಜನ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ. ಕೈ ತಾನಾಗಿ ಕೆಲಸ ಮಾಡುತ್ತದೆ, ಕಣ್ಣು ಬಾಯಿ ಎರಡೂ ಬಿಡುವು.

"ಆಪಾ, ನಾಳೆಯಿಂದ ಎಲ್ಲರನ್ನೂ ಇಲ್ಲಿಗೇ ಕರ್ಕೊಂಡ್ ಬನ್ನಿ."

ಭಾಯ್ ಗಾಬರಿಯಾದರು. "ಸಾಹೇಬರು?" ಅಂದರು. ಪಾರ್ಕಿನಲ್ಲಿ ಕೂಲಿ ಕೆಲಸ ಮಾಡಿಸುವ ಹಾಗಿಲ್ಲ ಎಂಬ ನಿಯಮ ನನಗೆ ಬಾಯಿಪಾಠ. ಕೇಳಿದರೆ ಖಂಡಿತ ಬೇಡ ಅನ್ನುತ್ತಾರೆ, ಅದಕ್ಕೇ ಕೇಳಲಿಲ್ಲ. ನನ್ನ ನೌಕರಿಯಲ್ಲಿ ಕೇಳದೆ ಮಾಡಿದ ಮೊದಲ ಕೆಲಸ ಇದು.

ಮರುದಿನ ಹನ್ನೆರಡು ಜನ ಬಂದರು. ತಲೆಯ ಮೇಲೆ ಬೋಗುಣಿ, ಕಂಕುಳಲ್ಲಿ ಚಾಪೆ. ಸಾಬರ ಓಣಿಯವರು ಐದು, ಊರೊಳಗಿನವರು ಏಳು. ಏಳು ಜನಕ್ಕೆ ಒಬ್ಬರು ಹಿರಿಯರು, ಎಲ್ಲರೂ 'ದೊಡ್ಡಮ್ಮ' ಅನ್ನುತ್ತಿದ್ದರು. ತವರು ಲಕ್ಕೂರು, ಮನೆಮಾತು ತೆಲುಗು, ಧ್ವನಿ ಮಾತ್ರ ಮೈಕು. ನಾನು ಸುಣ್ಣ ಹಾಕಿದ್ದ ಜಾಗಗಳಲ್ಲಿ ಮೂರನ್ನು ಆರಿಸಿ, ನಾಲ್ಕು ನಾಲ್ಕು ಜನ ಕೂರಬೇಕೆಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅರ್ಧ ಗಂಟೆ ಬಿಟ್ಟು ಬಂದರೆ ಹನ್ನೆರಡು ಜನವೂ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಒಂದೇ ಗುಂಪು.

"ಬೇರೆ ಬೇರೆ ಕೂತ್ರೆ ಮಾತು ಹೆಂಗಾಡೋದು ತಾಯಿ?" ಅಂದರು ದೊಡ್ಡಮ್ಮ. "ಬಾಯಿ ಕಟ್ಟಿದ್ರೆ ಕೈ ಓಡಲ್ಲ."

ಗದರಿದೆ, ಬೇಡಿಕೊಂಡೆ, ಆಗಲಿಲ್ಲ. ಕೊನೆಗೆ ಆಪಾ ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಿದರು. ದೊಡ್ಡಮ್ಮನಿಗೂ ಅವರ ನಾದಿನಿಗೂ ಒಂದು ಒರಳುಕಲ್ಲಿನ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲವಂತೆ. ಒಂದೇ ಮರದ ಕೆಳಗೆ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಮರುದಿನ ನಾನು ಏನೂ ಗೊತ್ತಿಲ್ಲದವಳ ಹಾಗೆ, "ನಾದಿನಮ್ಮಾ, ಬಂಡೆ ಹತ್ರ ಗಾಳಿ ಚೆನ್ನಾಗೈತೆ" ಅಂದೆ. ಅವರು ತಮ್ಮ ಕಡೆಯ ಮೂವರನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಸಾಬರ ಓಣಿಯವರು ಮಧ್ಯದಲ್ಲಿ ಕೂತರು, ಎರಡೂ ಕಡೆಯ ಸುದ್ದಿ ಕೇಳಬೇಕಲ್ಲ. ನನ್ನ ಮೂರು ಜಾಗವೂ ತುಂಬಿತು.

ಹತ್ತು ದಿನ ಸ್ವರ್ಗ. ಆಮೇಲೆ ಒಂದು ಬೆಳಿಗ್ಗೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ನಗುತ್ತಿದ್ದರು. ರಾಜಿಯಾಗಿಬಿಟ್ಟಿತ್ತು. ಎರಡು ವರ್ಷ ಮಾತು ಬಿಟ್ಟವರು ಒಂದಾದರೆ ಸಂತೋಷಪಡಬೇಕು. ನಾನು ಹಣೆ ಚಚ್ಚಿಕೊಂಡೆ. ಬಂಡೆಯ ತಿರುವು ಮತ್ತೆ ಖಾಲಿ. ಆದರೆ ನಾದಿನಿಗೆ ಆ ಗಾಳಿ ಅಭ್ಯಾಸವಾಗಿತ್ತು. ಊಟದ ನಂತರ ತಾನಾಗಿಯೇ ಬಂಡೆಗೆ ಹೋದರು. ಎರಡು ವರ್ಷದ ಬಾಕಿ ಮಾತು ಇನ್ನೂ ಮುಗಿಯದ್ದರಿಂದ ಅಲ್ಲಿಂದಲೇ ಕೂಗಿ ಹೇಳತೊಡಗಿದರು. ದೊಡ್ಡಮ್ಮ ಗೇಟಿನಿಂದ ಕೂಗಿ ಉತ್ತರ ಕೊಟ್ಟರು. ಪೊಲೀಸರ ವಾಕಿಟಾಕಿಯೂ ಅಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ.

ಇನ್ನೊಂದು ಅಭ್ಯಾಸ ನಾನು ಹೇಳಿಕೊಟ್ಟದ್ದಲ್ಲ. ಗೇಟು ದಾಟಿ ಯಾರೇ ಬರಲಿ, ದೊಡ್ಡಮ್ಮ ತಲೆಯೆತ್ತಿ ಕೇಳುತ್ತಿದ್ದರು: "ಯಾವೂರಪ್ಪಾ? ಯಾರ ಮನೆಯವನು?" ಉತ್ತರ ಬಂದರೆ ಬಿಡುತ್ತಿರಲಿಲ್ಲ. ತಾಯಿ ಯಾವ ಊರಿನವಳು, ಅಕ್ಕನನ್ನು ಎಲ್ಲಿಗೆ ಕೊಟ್ಟಿದೆ, ನಿನಗೆ ಮದುವೆಯಾಯಿತಾ. ನಮ್ಮ ಸೀಮೆಯಲ್ಲಿ ಇದು ಮರ್ಯಾದೆ, ಕೇಳದಿದ್ದರೆ ಬೇಜಾರು. ಬಂದವರು ನಗುತ್ತಾ ಹೇಳುತ್ತಿದ್ದರು, ಕೆಲವರಿಗೆ ದೂರದ ನೆಂಟಸ್ತಿಕೆಯೂ ಬೆಸೆಯಿತು. ಬರುವವರು ಹೆಚ್ಚಾದರು. ಹೆಂಗಸರು ಮಕ್ಕಳನ್ನು ಕರೆತಂದರು. ಪಾರ್ಕಿನ ತುಂಬ ಅವರೆಯ ಸೊಗಡು.

ಹೊಸ ವರ್ಷ ಬಂದು ಮೂರ್ನಾಲ್ಕು ದಿನಕ್ಕೆ ರೇಂಜರ್ ಸಾಹೇಬರು ಹೇಳದೆ ಕೇಳದೆ ಬಂದರು. ಯೂನಿಫಾರ್ಮ್ ಇಲ್ಲ, ಕೈಯಲ್ಲಿ ಒಂದು ಹೊಸ ಬೀಗ. ನಾನು ಬಂಡೆಯ ಹತ್ತಿರದಿಂದ ಓಡಿ ಬರುವಷ್ಟರಲ್ಲಿ ದೊಡ್ಡಮ್ಮನ ಕೈಗೆ ಸಿಕ್ಕಿಬಿದ್ದಿದ್ದರು.

"ಏ ಊರು ನಾಯನಾ ನೀದಿ?" ದೊಡ್ಡಮ್ಮ ತೆಲುಗಿನಲ್ಲಿ ಊರು ಕೇಳುತ್ತಿದ್ದರು.

"ಶ್ರೀನಿವಾಸಪುರ ಕಡೆ ಕಣಮ್ಮ."

"ಶ್ರೀನಿವಾಸಪುರದಾಗೆ ಎಲ್ಲಿ? ಮಾವಿನ ತೋಪು ಐತಾ? ಬೀಗ ಯಾಕೆ ಹಿಡ್ಕೊಂಡಿದ್ದೀಯ, ಮನೆಗೆ ತಗೊಂಡ್ಯಾ?"

ಸಾಹೇಬರು ನನ್ನನ್ನು ನೋಡಿದರು, ಸುತ್ತ ಆಡುತ್ತಿದ್ದ ಮಕ್ಕಳನ್ನು ನೋಡಿದರು, ಬೀಗವನ್ನು ಜೇಬಿಗೆ ತುರುಕಿದರು. ಅಷ್ಟರಲ್ಲಿ ದೊಡ್ಡಮ್ಮ ಚಾಪೆ ತೋರಿಸಿ, "ಚಪ್ಪಲಿ ಬಿಟ್ಟು ಕೂತ್ಕೋ, ತಿನ್ನೋ ಪದಾರ್ಥ ಐತೆ" ಅಂದರು. ಕೂತರು. ಒಂದು ಹಿಡಿ ಕಾಳು ಅವರ ಮುಂದೆ ಬಂತು, ಹಿತಕಿದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ನಿಯಮ ಮೀರಿದ್ದೀಯ" ಅಂದರು. ನಾನು ತಲೆ ತಗ್ಗಿಸಿದೆ. "ಸಂಕ್ರಾಂತಿ ಇನ್ನೂ ಬಂದಿಲ್ಲ. ಅಲ್ಲಿವರೆಗೂ ನಾನು ಏನೂ ನೋಡಿಲ್ಲ" ಅಂದು ಜೀಪು ಹತ್ತಿದರು.

ಅವತ್ತೇ ಧೈರ್ಯ ಮಾಡಿ ಡೈರಿಗೆ ಹೋದೆ. ಸೆಕ್ರೆಟರಿಯಮ್ಮ ಸೊರಗಿದ್ದರು. ಸಕ್ಕರೆ ಏರಿತ್ತಂತೆ, ಡಾಕ್ಟರು ಬೈದಿದ್ದರಂತೆ. ಕತ್ತಿನಲ್ಲಿ ಅರಿಶಿನದ ದಾರ, ಅದನ್ನೂ ಸ್ವೆಟರಿನೊಳಗೆ ಅಡಗಿಸಿ ಗುಂಡಿ ಹಾಕಿದ್ದರು. ನಾನು ಎಲ್ಲವನ್ನೂ ಹೇಳಿದೆ, ಕೋತಿಯ ಹಲ್ಲಿನಿಂದ ಹಿಡಿದು. ನಕ್ಕರು.

"ಬರ್ತೀನಿ ಕಣೇ," ಅಂದರು. "ಒಂದೇ ಸುತ್ತು. ಬಂಡೆ ಹತ್ರ ನೀನು ಜೊತೆಗಿರ್ಬೇಕು."

ಬಂದರು, ಎರಡು ದಿನ ಬಿಟ್ಟು, ನಾಲ್ಕು ಗಂಟೆಗೆ ಸರಿಯಾಗಿ. ಅವತ್ತೇ ಅವನೂ ಬರಬೇಕೆ?

ಮೂವತ್ತರ ಆಸುಪಾಸಿನವನು, ಕೈಯಲ್ಲಿ ನೀರಿನ ಬಾಟಲಿ, ವಾಕಿಂಗಿಗೆ ಬಂದವನ ಹಾಗೆ ಗೇಟು ದಾಟಿದ. ಸೆಕ್ರೆಟರಿಯಮ್ಮನೂ ನಾನೂ ಆಗ ದಾರಿಯ ಆ ತುದಿಯಲ್ಲಿದ್ದೆವು. ಆಮೇಲೆ ನಡೆದದ್ದನ್ನು ಆಪಾ ನನಗೆ ಹತ್ತು ಸಲ ಹೇಳಿದ್ದಾರೆ. ದೊಡ್ಡಮ್ಮ ಎಂದಿನಂತೆ ಊರು ಕೇಳಿದರು. ಅವನು ಬಾಯಿಗೆ ಬಂದ ಹೆಸರು ಹೇಳಿದ, "ಲಕ್ಕೂರು."

"ಅಯ್ಯೋ, ನಮ್ಮ ತವರೂರು. ಯಾರ ಮನೆಯವನು?"

"ಅದೇ, ಗೌಡ್ರ ಮನೆ."

"ಯಾವ ಗೌಡ್ರು? ಬಾವಿ ಹತ್ರದವರಾ, ಸ್ಕೂಲ್ ಹಿಂದಿನವರಾ?"

"ಬಾವಿ ಹತ್ರ."

"ಬಾವಿ ಹತ್ರ ಗೌಡ್ರ ಮನೆ ಇಲ್ವಲ್ಲ ನಾಯನಾ. ನಾನು ಸುಮ್ನೆ ಕೇಳಿದ್ದು. ಕೂತ್ಕೋ, ಬಿಡಿಸಿ ಹೇಳು. ಬೂಟು ಬಿಚ್ಚು, ತಿನ್ನೋ ಪದಾರ್ಥ ಐತೆ."

ಆಗಲೇ ಓಡಬಹುದಿತ್ತು ಅವನು. ಆದರೆ ನಮ್ಮ ಕಡೆ ಅಜ್ಜಿ ವಯಸ್ಸಿನವರು ಕೂತ್ಕೋ ಅಂದರೆ ಕಳ್ಳನಾದರೂ ಕೂರುತ್ತಾನೆ. ಬೂಟು ಬಿಚ್ಚಿ ದಾರಿಯ ಅಂಚಿಗಿಟ್ಟು ಚಾಪೆಯ ಮೇಲೆ ಕೂತ. ಮುಂದೆ ಒಂದು ಹಿಡಿ ಕಾಳು ಬಂತು. ದೊಡ್ಡಮ್ಮ ಬಂಡೆಯ ಕಡೆಗೆ ಮುಖ ಮಾಡಿ ಕೂಗಿದರು: "ಏ ನಾದಿನಿ, ಲಕ್ಕೂರಿನವನಂತೆ, ಲಕ್ಕೂರೇ ಗೊತ್ತಿಲ್ಲ."

ಕೂಗು ಕೇಳಿ ಭಾಯ್ ಗೇಟಿನಾಚೆ ಹೋಗಿ ನೋಡಿದರು. ರಸ್ತೆಯ ಪಕ್ಕ ಒಂದು ಬೈಕು, ನಂಬರ್ ಪ್ಲೇಟಿಗೆ ಕೆಸರು ಮೆತ್ತಿದೆ, ಎಂಜಿನ್ ಆನ್. ಭಾಯ್ ಅದರ ಮುಂದೆ ನಿಂತು ಅವನನ್ನೂ ಕೇಳಿದರಂತೆ, "ಯಾವೂರಪ್ಪಾ?" ಬೈಕಿನವನು ಉತ್ತರ ಕೊಡದೆ ಗಾಡಿ ತಿರುಗಿಸಿಕೊಂಡು ಹೋದ. ಕೆಸರು ಅಷ್ಟೇನೂ ಚೆನ್ನಾಗಿ ಮೆತ್ತಿರಲಿಲ್ಲ, ಕೊನೆಯ ಎರಡು ಅಂಕಿ ಭಾಯ್ ಬಾಯಿಪಾಠ ಮಾಡಿಕೊಂಡರು.

ನಾವು ತಿರುವು ದಾಟಿ ಬಂದದ್ದು ಆಗ. ಸೆಕ್ರೆಟರಿಯಮ್ಮ ತಟ್ಟನೆ ನಿಂತರು. ಅವರು ನೋಡುತ್ತಿದ್ದದ್ದು ಚಾಪೆಯ ಮೇಲಿದ್ದವರನ್ನಲ್ಲ, ದಾರಿಯ ಅಂಚನ್ನು. ಕಪ್ಪು ಬೂಟು. ಗಿಳಿಹಸಿರು ಲೇಸು. ಹಿಡಿದುಕೊಂಡಿದ್ದ ನನ್ನ ಕೈ ಬಿಟ್ಟು, ಹೋಗಿ, ಬಗ್ಗಿ, ಎರಡೂ ಬೂಟುಗಳನ್ನು ಎತ್ತಿಕೊಂಡರು.

"ಈ ಬೂಟು ಯಾರ್ದು?"

ಧ್ವನಿ ಏರಲಿಲ್ಲ. ಹಾಲಿಗೆ ನೀರು ಬೆರೆಸಿದವರನ್ನು ಕೇಳುವ ಹಾಗೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಇವನು ತನ್ನ ಬರಿಗಾಲು ನೋಡಿಕೊಂಡ. ಬೋಗುಣಿ ಒದ್ದು ಎದ್ದು, ಬೇಲಿಯ ಹಳೆಯ ಕಿಂಡಿಯ ಕಡೆಗೆ ಓಡಿದ. ನಾವು ಹನ್ನೆರಡು ದಿನ ಕಡಿದ ಲಾಂಟಾನದ ಮೋಟುಗಳು ಅಲ್ಲೇ ಇದ್ದವು. ಹತ್ತು ಹೆಜ್ಜೆ ಹಾಕಿರಬೇಕು, ಕುಂಟಿದ, ಕುಪ್ಪಳಿಸಿದ, ಕಾಲು ಹಿಡಿದು ಕೂತುಬಿಟ್ಟ. ನಾನು ಹೋಗಿ ಕೈ ಹಿಡಿದೆ. ಆ ಕಡೆಯಿಂದ ನಾದಿನಿಯ ಗುಂಪು, ಈ ಕಡೆಯಿಂದ ದೊಡ್ಡಮ್ಮನ ಗುಂಪು, ಮಧ್ಯದಲ್ಲಿ ಆಪಾ. ಯಾರೂ ಅವನ ಮೈಮೇಲೆ ಕೈ ಮಾಡಲಿಲ್ಲ. ಪೊಲೀಸರು ಬರುವವರೆಗೂ ದೊಡ್ಡಮ್ಮ ಅವನ ಅಂಗಾಲು ತಮ್ಮ ತೊಡೆಯ ಮೇಲಿಟ್ಟುಕೊಂಡು, ಪಿನ್ನಿನಿಂದ ಮುಳ್ಳು ತೆಗೆಯುತ್ತಾ ಕೇಳುತ್ತಿದ್ದರು, "ಈಗಾದ್ರೂ ಹೇಳು ನಾಯನಾ, ನಿಜವಾಗ್ಲೂ ಯಾವೂರು ನಿಂದು?" ಅವನು ನಿಜ ಹೇಳಿ ಅತ್ತ.

ಮರುದಿನ ಬೈಕಿನವನೂ ಸಿಕ್ಕಿದ. ಸೆಕ್ರೆಟರಿಯಮ್ಮನ ಸರ ಎರಡು ತುಂಡಾಗಿ ಸಿಕ್ಕಿತು. ಕೋರ್ಟಿನಿಂದ ಬಿಡಿಸಿ ಬೆಸುಗೆ ಹಾಕಿಸುವ ಹೊತ್ತಿಗೆ ಸಂಕ್ರಾಂತಿ ಕಳೆದು, ಅವರೆಯೂ ಮುಗಿದಿತ್ತು. ಕೊನೆಯ ಮೂಟೆ ಹಿತಕಿ ಹೆಂಗಸರು ಚಾಪೆ ಸುತ್ತಿಕೊಂಡು ಹೋದ ದಿನ ನಾನು ಖಾಲಿ ಮರಗಳ ಕೆಳಗೆ ಕೂತು ಪೆಚ್ಚಾಗಿದ್ದೆ. ಮೂರನೇ ದಿನ ಗೇಟಿನಲ್ಲಿ ದೊಡ್ಡಮ್ಮ, ನಾದಿನಿ, ಆಪಾ, ಹಿಂದೆ ಉಳಿದವರು. ತಲೆಯ ಮೇಲೆ ಈ ಸಲ ಬುಟ್ಟಿ.

"ಹುಣಸೆಹಣ್ಣು ಕಣಮ್ಮ," ಅಂದರು ಆಪಾ. "ಬೀಜ ತೆಗೀಬೇಕು. ಯುಗಾದಿ ತನಕ ಐತೆ ಕೆಲಸ. ಕುಟ್ಟೋವಾಗ ಕೆಳಗೆ ಹಾಸೋಕೆ ಏನಾದ್ರೂ ಕೊಡು."

ಶೆಡ್ಡಿನಿಂದ ನನ್ನ ನಾಲ್ಕು ತಗಡುಗಳನ್ನು ತಂದು, ಕೆಂಪು ಅಕ್ಷರ ಕೆಳಗೆ ಮಾಡಿ ಹಾಸಿದೆ. ಸಂಕ್ರಾಂತಿಯಾದ ಮೇಲೆ ರೇಂಜರ್ ಸಾಹೇಬರೇ ನನ್ನ ಕೈಗೆ ಕೊಟ್ಟುಹೋದ ಬೀಗವೂ ವ್ಯರ್ಥವಾಗಲಿಲ್ಲ, ಮಚ್ಚು ಕುಡುಗೋಲು ಇಡುವ ಶೆಡ್ಡಿಗೆ ಅದೇ ಬೀಗ.

ನಾಲ್ಕು ಗಂಟೆಗೆ ಸೆಕ್ರೆಟರಿಯಮ್ಮ ಬಂದರು. ಸ್ವೆಟರಿನ ಮೇಲಿನ ಗುಂಡಿ ಬಿಚ್ಚಿತ್ತು, ಬೆಸುಗೆ ಹಾಕಿಸಿದ ಸರ ಹೊರಗೆ ಇತ್ತು. ನಾನು ಜೊತೆಗೆ ಹೊರಟೆ. "ನೀನು ಕೂತ್ಕೋ" ಅಂದು ಒಬ್ಬರೇ ಹೋದರು. ಬಂಡೆ ಬಳಸಿ, ನಾದಿನಿಯ ಹತ್ತಿರ ನಿಂತು ಏನೋ ಮಾತಾಡಿ, ಸುತ್ತು ಮುಗಿಸಿ ಗೇಟಿನ ಹತ್ತಿರ ಬಂದರು. ನಾನು ಹೊರಡುತ್ತಾರೆಂದುಕೊಂಡು ಎದ್ದು ನಿಂತೆ.

"ಎಲ್ಲಿಗೆ ಎದ್ದೆ? ಕ್ಯಾನು ಬರಕ್ಕೆ ಇನ್ನೂ ಟೈಮೈತೆ. ಇನ್ನೊಂದು ಸುತ್ತು ಹಾಕ್ಕೊಂಡು ಬರ್ತೀನಿ ಕಣೇ."